ಬೀದರ್‌ನಲ್ಲಿ ಒಂದು ದಿನದ ನಡಿಗೆ: ಕೋಟೆಯೋ, ಪೇಟೆಯೋ, ಅಷ್ಟೂರೋ?

ಒಂದು ದಿನ ಬಿಡುವು ಮಾಡಿಕೊಂಡು ಬೀದರ್‌ಗೆ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಉದ್ದನೆಯ ಪಟ್ಟಿ ಇರುತ್ತದೆ. ಕೋಟೆ, ಮದರಸಾ, ಚೌಬಾರ, ಪಕ್ಕದ ಅಷ್ಟೂರಿನಲ್ಲಿರುವ ಸುಲ್ತಾನರ ಗುಂಬಜ್‌ಗಳು, ಬರೀದ್ ಶಾಹಿ ಗೋರಿಗಳು, ಗುರುನಾನಕ್ ಝೀರಾ, ಝರಣಿ ನರಸಿಂಹ, ಪಾಪನಾಶ. ಒಂದು ಆಟೊ ಹಿಡಿದರೆ ಸಂಜೆಯ ರೈಲಿನೊಳಗೆ ಇಷ್ಟನ್ನೂ ಸುತ್ತಿ ಬರಬಹುದು, ಸುಳ್ಳಲ್ಲ. ಆದರೆ ಊರನ್ನು ನಡೆದು ನೋಡಬೇಕು ಅಂತಿದ್ದರೆ ಈ ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಸರು ಹೊಡೆದು ಹಾಕಲೇಬೇಕು. ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಅನ್ನುವುದನ್ನೇ ಇಲ್ಲಿ ನೋಡೋಣ.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಒಂದೇ ದಿನ, ಎರಡೇ ಕಾಲು ಅಂತಾದರೆ ಹಳೇ ಪೇಟೆಯನ್ನೂ ಕೋಟೆಯನ್ನೂ ಜೋಡಿ ಮಾಡಿ ನೋಡಿ. ಅಷ್ಟೂರಿಗೆ ಬೇರೆ ಒಂದು ಬೆಳಗ್ಗೆ ಇಡಿ. ಪಶ್ಚಿಮದ ಕಡೆಯ ಗೋರಿಗಳೂ ಗುರುದ್ವಾರವೂ ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿರುವವರಿಗೆ ಹೇಳಿ ಮಾಡಿಸಿದ ದಾರಿ. ಹೀಗೇಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಊರು ಯಾವುದು: ಕಲಬುರಗಿಯೋ, ಬೀದರೋ?

ಈ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಎರಡೂ ಬಹಮನಿ ಸುಲ್ತಾನರ ರಾಜಧಾನಿಗಳು. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾಹ ಕಟ್ಟಿದ ರಾಜ್ಯಕ್ಕೆ ಕಲಬುರಗಿ ರಾಜಧಾನಿಯಾಯಿತು. ಮುಂದಿನ ಶತಮಾನದಲ್ಲಿ, 1422ರಿಂದ 1436ರ ತನಕ ಆಳಿದ ಅಹ್ಮದ್ ಶಾಹ ವಲಿ ಅದನ್ನು ಬೀದರ್‌ಗೆ ತಂದ. ಈಗ ಎರಡು ಊರಿನ ನಡುವೆ ನೇರ ರೈಲು ಮಾರ್ಗವಿದೆ, 2017ರಲ್ಲಿ ಶುರುವಾಗಿದ್ದು. ಹಾಗಾಗಿ ಎರಡರಲ್ಲಿ ಯಾವ ಊರಲ್ಲಿ ಇಳಿಯಬೇಕು ಅನ್ನುವುದು ನಿಜವಾಗಿಯೂ ನಿಮ್ಮ ಕೈಯಲ್ಲೇ ಇದೆ.

ಕಲಬುರಗಿಯಲ್ಲಿ ನೋಡಬೇಕಾದ ಒಂದೊಂದು ಜಾಗವೂ ಗಟ್ಟಿ. ಕೋಟೆಯೊಳಗಿನ ಜಾಮಿ ಮಸೀದಿಯನ್ನೇ ತಗೊಳ್ಳಿ. 1367ರಲ್ಲಿ ಕಟ್ಟಿದ್ದು. ಸಾಮಾನ್ಯವಾಗಿ ದೊಡ್ಡ ಮಸೀದಿಗಳಿಗೆ ಮಧ್ಯದಲ್ಲಿ ಬಯಲು ಅಂಗಳ ಇರುತ್ತದೆ, ಇದಕ್ಕಿಲ್ಲ. ಪೂರ್ತಿ ಮಾಡು ಹೊದಿಸಿದ್ದಾರೆ. ಅಂಚಿನ ಸಾಲಿನಲ್ಲಿ ನಿಂತು ನೋಡಿದರೆ ಅಗಲವಾದ, ತಗ್ಗಾದ ಕಮಾನುಗಳು ಒಂದರ ಹಿಂದೊಂದು ಸರಿಯುತ್ತಾ ಹೋಗುತ್ತವೆ. ಎಷ್ಟು ಹೊತ್ತು ನಿಂತರೂ ಸಾಕಾಗುವುದಿಲ್ಲ. ಊರಿನ ಇನ್ನೊಂದು ಕಡೆ ಖ್ವಾಜಾ ಬಂದೇನವಾಜ್ ದರ್ಗಾ, ಅದರ ಹತ್ತಿರವೇ ಹಫ್ತ್ ಗುಂಬಜ್ ಗೋರಿಗಳು. ನಡುವೆ ಶರಣಬಸವೇಶ್ವರ ಗುಡಿ ಮತ್ತು ಕೆರೆ.

ತೊಂದರೆ ಇರುವುದು ಈ ಜಾಗಗಳ ನಡುವಿನ ದಾರಿಯಲ್ಲಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಇವತ್ತಿನ ಊರಿನ ಗಾಡಿ, ಸಿಗ್ನಲ್, ಧೂಳು ದಾಟಬೇಕು. ಹಳೇ ಊರಿನ ಎಳೆ ಕೈಗೆ ಸಿಗುವುದಿಲ್ಲ. ಬಿಸಿಲಂತೂ ಕೇಳಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 40 ದಾಟುವುದು ಅಲ್ಲಿ ಮಾಮೂಲು. ಆದ್ದರಿಂದ ಕಲಬುರಗಿ ಆಟೊ ಹಿಡಿದು ನೋಡುವ ಊರು. ಒಂದು ಜಾಗಕ್ಕೆ ಹೋಗಿ, ನಿಧಾನವಾಗಿ ಕೂತು, ಮತ್ತೆ ಆಟೊ ಹತ್ತಿದರೆ ಚೆನ್ನಾಗಿ ಸಿಗುತ್ತದೆ.

ಬೀದರ್ ನಡೆಯುವ ಊರು. ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿ ಕೂತಿರುವುದರಿಂದ ಗಾಳಿ ಆಡುತ್ತದೆ, ಬಿಸಿಲು ಒಂದು ಕೈ ಕಡಿಮೆ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಇಲ್ಲಿ ಪೇಟೆ ಮತ್ತು ಕೋಟೆ ಒಂದಕ್ಕೊಂದು ಅಂಟಿಕೊಂಡಿವೆ. ಪೇಟೆಗೂ ಸುತ್ತುಗೋಡೆ, ಕೋಟೆಗೂ ಸುತ್ತುಗೋಡೆ, ನಡುವೆ ಒಂದೇ ಬೀದಿ. ಐನೂರು ವರ್ಷದ ಹಿಂದೆ ಪೇಟೆಯಿಂದ ದರ್ಬಾರಿಗೆ ಹೋಗುತ್ತಿದ್ದವನ ದಾರಿಯನ್ನೇ ನೀವೂ ಹಿಡಿಯಬಹುದು. ಈ ಭಾಗ್ಯ ಕಲಬುರಗಿಯಲ್ಲಿ ಇಲ್ಲ.

ಯಾದಗಿರಿಯನ್ನೂ ಕೆಲವರು ಕೇಳುತ್ತಾರೆ. ಅಲ್ಲಿಯ ಕೋಟೆ ಬೆಟ್ಟದ ಮೇಲಿದೆ, ಹತ್ತಿ ಇಳಿಯುವುದೇ ಅಲ್ಲಿಯ ಸೊಗಸು. ಬೆಳಗ್ಗೆ ಹೋಗಿ ಮಧ್ಯಾಹ್ನದೊಳಗೆ ಇಳಿದುಬಿಡುವಂಥ ಜಾಗ. ಬೀದಿ ಸುತ್ತುವ ಆಸೆ ಇದ್ದವರಿಗೆ ಬೀದರೇ ಸರಿ.

ದಾರಿ ಒಂದು: ಪೇಟೆ

ಹಳೇ ಬೀದರ್‌ನ ನಡುಮಧ್ಯ ಚೌಬಾರ. ಎರಡು ಮುಖ್ಯ ಬೀದಿಗಳು ಕೂಡುವ ಜಾಗದಲ್ಲಿ ನಿಂತಿರುವ ದುಂಡನೆಯ ಗೋಪುರ. 71 ಅಡಿ ಎತ್ತರ. ಮೇಲಿನಿಂದ ಊರಿನ ನಾಲ್ಕೂ ದಿಕ್ಕು ಕಾಯಲು ಕಟ್ಟಿದ್ದು. ಈಗ ಅದರ ಬುಡದಲ್ಲಿ ತಳ್ಳುಗಾಡಿ, ಬೈಕು, ಹೂವಿನವರು, ಹಣ್ಣಿನವರು. ಯಾವ ದಾರಿ ಆರಿಸಿಕೊಂಡರೂ ಇಲ್ಲಿಂದಲೇ ಶುರು ಮಾಡಿ ಅಂತ ನಾನು ಹೇಳುವುದು. ದಿನವಿಡೀ ದಿಕ್ಕು ತಪ್ಪುವುದಿಲ್ಲ. ಯಾವ ಗಲ್ಲಿಯಲ್ಲಿ ಕಳೆದುಹೋದರೂ "ಚೌಬಾರ ಎಲ್ಲದರೀ?" ಅಂದರೆ ಚಿಕ್ಕ ಹುಡುಗನೂ ಕೈ ತೋರಿಸುತ್ತಾನೆ.

ಅಲ್ಲಿಂದ ಉತ್ತರಕ್ಕೆ, ಕೋಟೆಯ ಕಡೆ ನಡೆದರೆ ಕೆಲವೇ ನಿಮಿಷದಲ್ಲಿ ಮಹಮೂದ್ ಗವಾನನ ಮದರಸಾ. ಇದನ್ನು ಬೆಳಗ್ಗೆಯೇ ನೋಡಬೇಕು. ಕಟ್ಟಡದ ಮುಖ ಪೂರ್ವಕ್ಕಿದೆ. ಎಳೆಬಿಸಿಲು ನೇರ ಮುಖದ ಮೇಲೆ ಬೀಳುವ ಹೊತ್ತಿಗೆ ಗೋಡೆಗೆ ಕೂರಿಸಿದ ಬಣ್ಣದ ಹಂಚುಗಳ ನೀಲಿ, ಹಸಿರು, ಹಳದಿ, ಬಿಳಿ ಬಣ್ಣ ಎದ್ದು ಕಾಣುತ್ತದೆ. ಮಧ್ಯಾಹ್ನದ ಮೇಲೆ ಹೋದರೆ ಮುಖವೆಲ್ಲಾ ನೆರಳು, ಅದೇ ಬಣ್ಣ ಮಂಕಾಗಿರುತ್ತದೆ.

ಗವಾನ್ ಇರಾನಿನ ಗೀಲಾನ್ ಕಡೆಯವನು. ವ್ಯಾಪಾರಕ್ಕೆ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ. 1472ರಲ್ಲಿ ಈ ಮದರಸಾ ಕಟ್ಟಿಸಿದ. ಮೂರು ಅಂತಸ್ತು, ನಡುವೆ ಅಂಗಳ, ಸುತ್ತಲೂ ಪಾಠದ ಕೋಣೆಗಳು, ಪುಸ್ತಕಾಲಯ, ಮಸೀದಿ, ಹುಡುಗರಿಗೂ ಗುರುಗಳಿಗೂ ಇರಲು ಜಾಗ. ಅಂದರೆ ಊಟ, ವಸತಿ, ಓದು ಎಲ್ಲಾ ಒಂದೇ ಕಡೆ. ಮುಂಭಾಗದ ಎರಡು ಮೂಲೆಯಲ್ಲಿ ಎರಡು ಮಿನಾರ್ ಇದ್ದವು. 17ನೇ ಶತಮಾನದ ಕೊನೆಯಲ್ಲಿ ಮದ್ದಿನ ಸ್ಫೋಟಕ್ಕೆ ಸಿಕ್ಕಿ ಒಂದು ಕಡೆಯ ಭಾಗ ಪೂರ್ತಿ ಕುಸಿಯಿತು. ಈಗ ಉಳಿದಿರುವುದು ಒಂದೇ ಮಿನಾರ್.

ಆ ಮಿನಾರಿನ ಬುಡಕ್ಕೆ ಹೋಗಿ ತಲೆ ಎತ್ತಿ ನೋಡಿ. ಹಂಚುಗಳನ್ನು ಅಂಕುಡೊಂಕು ಗೆರೆಯ ಹಾಗೆ ಮೇಲಕ್ಕೆ ಸುತ್ತಿಸಿದ್ದಾರೆ. ಕೆಳಗೆ ಸುಮಾರು ಕಡೆ ಉದುರಿಹೋಗಿವೆ, ಬರೀ ಗಾರೆಯಲ್ಲಿ ಹಂಚಿನ ಗುರುತು ಉಳಿದಿದೆ. ಮೇಲೆ ಹೋದ ಹಾಗೆ ಬಣ್ಣ ಗಟ್ಟಿಯಾಗುತ್ತದೆ. ಕೈಗೆ ಎಟುಕದ ಜಾಗದಲ್ಲೇ ಬಣ್ಣ ಉಳಿದಿದೆ ಅನ್ನುವುದು ನೋಡಿದ ಕೂಡಲೇ ಗೊತ್ತಾಗುತ್ತದೆ. ಗೋಡೆ ಮುಟ್ಟಬೇಡಿ ಅಂತ ಮಕ್ಕಳಿಗೆ ಇಲ್ಲೇ ತೋರಿಸಿ ಹೇಳಿ, ಬೇರೆ ವಿವರಣೆ ಬೇಕಾಗುವುದಿಲ್ಲ.

ಗವಾನನ ಕೊನೆ ಕೇಳಿದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆಗದವರು ಅವನ ಮುದ್ರೆಯನ್ನು ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡು, ಶತ್ರು ರಾಜನಿಗೆ ಬರೆದ ಹಾಗೆ ಸುಳ್ಳು ಪತ್ರ ಹುಟ್ಟಿಸಿದರು. ಸುಲ್ತಾನ ಅದನ್ನು ನಂಬಿ 1481ರಲ್ಲಿ ಅವನ ತಲೆ ತೆಗೆಸಿದ. ಅದಾದ ಮೇಲೆ ರಾಜ್ಯ ಚೇತರಿಸಿಕೊಳ್ಳಲಿಲ್ಲ, ಹೋಳು ಹೋಳಾಯಿತು. ಅಷ್ಟು ದೊಡ್ಡ ರಾಜ್ಯ ನಡೆಸಿದ ಮನುಷ್ಯ ತನ್ನ ನೆನಪಿಗೆ ಬಿಟ್ಟುಹೋಗಿದ್ದು ಒಂದು ಓದುವ ಮನೆಯನ್ನು. ಅದಕ್ಕೇ ಈ ಜಾಗಕ್ಕೆ ಅವಸರದಲ್ಲಿ ಹೋಗಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಹತ್ತೂವರೆ, ಹನ್ನೊಂದರ ಹೊತ್ತಿಗೆ ಅಂಗಡಿಗಳು ತೆರೆದಿರುತ್ತವೆ. ಆಗ ಬಿದ್ರಿಯವರ ಕಡೆ, ಅಂದರೆ ಕಪ್ಪು ಲೋಹದ ಪಾತ್ರೆಯಲ್ಲಿ ಬೆಳ್ಳಿ ಕೂರಿಸುವ ಕುಶಲಕರ್ಮಿಗಳ ಕಡೆ ಹೊರಳಿ. ಚೌಬಾರದ ಆಸುಪಾಸಿನಲ್ಲಿ ನಡೆಯುವಾಗ ಕಿವಿಗೆ ಟಕ್ ಟಕ್ ಸದ್ದು ಬಿದ್ದರೆ ಅಲ್ಲೇ ನಿಲ್ಲಿ. "ಒಳಗ ಬರ್ರಿ, ನೋಡ್ರಿ, ತಗೊಳ್ಳಾಕ ಬೇಕಂತಿಲ್ಲ" ಅಂತ ಕರೆಯುವವರು ಇಲ್ಲಿ ಜಾಸ್ತಿ. ಮಾತು ಕನ್ನಡದಲ್ಲಿ ಶುರುವಾಗಿ ಈ ಭಾಗದ ಉರ್ದುವಾದ ದಖನಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರುತ್ತದೆ. ಅದೂ ಬೀದರ್ ನೋಡುವುದರ ಒಂದು ಭಾಗವೇ.

ಕೆಲಸ ಹೀಗೆ ನಡೆಯುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ, ಸುಮಾರು ಹದಿನಾರು ಪಾಲಿಗೆ ಒಂದು ಪಾಲು, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಒರಟು ಹೋಗುವ ತನಕ ಅರ ಹಾಕಿ ಉಜ್ಜುತ್ತಾರೆ. ಆಮೇಲೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ. ಹಾಗೆ ಮಾಡಿದರೆ ಮೊಳೆಯಿಂದ ಬರೆದ ಚಿತ್ರ ಕಣ್ಣಿಗೆ ಕಾಣುತ್ತದೆ. ಆ ಗೆರೆಗಳನ್ನೇ ಚಾಣದಿಂದ ಕೊರೆದು ಸಣ್ಣ ಕಾಲುವೆ ಮಾಡುತ್ತಾರೆ, ಅದರೊಳಗೆ ಶುದ್ಧ ಬೆಳ್ಳಿಯ ತಂತಿ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಅಂಟು ಗಿಂಟು ಏನಿಲ್ಲ, ಬಡಿತಕ್ಕೇ ಬೆಳ್ಳಿ ಕೂತುಕೊಳ್ಳುತ್ತದೆ. ಮತ್ತೆ ಉಜ್ಜಿದಾಗ ಎಲ್ಲಾ ಒಂದೇ ಬಣ್ಣ, ಬೆಳ್ಳಿ ಯಾವುದು ಸತುವು ಯಾವುದು ತಿಳಿಯುವುದಿಲ್ಲ. ಕೊನೆಗೆ ಕೋಟೆಯ ಹಳೇ ಮಣ್ಣಿಗೆ ನವಸಾಗರ ಬೆರೆಸಿ ಕುದಿಸಿದ ನೀರಿನಲ್ಲಿ ಪಾತ್ರೆಯನ್ನು ಅದ್ದಿ ಉಜ್ಜುತ್ತಾರೆ. ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಆ ಒಂದು ಕ್ಷಣ ನೋಡಲು ಸಿಕ್ಕರೆ ಬಿಡಬೇಡಿ. ಮಳೆ, ಬಿಸಿಲು ತಾಕದ ಜಾಗದ ಮಣ್ಣೇ ಆಗಬೇಕು ಅಂತ ಕುಶಲಕರ್ಮಿಗಳು ಹೇಳುತ್ತಾರೆ, ನಾಲಿಗೆಗೆ ಹಚ್ಚಿ ಮಣ್ಣಿನ ಗುಣ ನೋಡುವವರೂ ಇದ್ದಾರೆ.

ಬಿದ್ರಿಗೆ 2006ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತು ಸಿಕ್ಕಿದೆ. 2023ರಲ್ಲಿ ಇದೇ ಊರಿನ ಬಿದ್ರಿ ಕಲಾವಿದ ಶಾಹ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಕೊಳ್ಳುವವರಿಗೆ ಒಂದು ಮಾತು. ಕೈಯಲ್ಲಿ ಹಿಡಿದಾಗ ಭಾರ ಇರಬೇಕು, ಬೆರಳು ಆಡಿಸಿದರೆ ಬೆಳ್ಳಿಯ ಅಂಚು ತಗಲಬಾರದು. ಚೌಕಾಸಿ ಮಾಡಿ, ಆದರೆ ಕೆಲಸ ಮಾಡುವವರ ಪಕ್ಕ ಅರ್ಧ ಗಂಟೆ ಕೂತು ನೋಡಿದ ಮೇಲೆ ಮಾಡಿ. ಎಷ್ಟು ಕೇಳುವುದು ನ್ಯಾಯ ಅಂತ ನಿಮಗೇ ತಿಳಿಯುತ್ತದೆ.

ಪೇಟೆಯ ದಾರಿಯ ಲಾಭ ಇಷ್ಟು: ನೆರಳಿದೆ, ಚಾ ಇದೆ, ಕೂರಲು ಕಟ್ಟೆ ಇದೆ, ಕಾಲಿಗೆ ಹೆಚ್ಚು ಕೆಲಸವಿಲ್ಲ. ಕೊರತೆ ಅಂದರೆ ಗಾಡಿಗಳ ಗದ್ದಲ. ಫುಟ್‌ಪಾತ್ ಅಂತ ಎಲ್ಲಾ ಕಡೆ ನಂಬಿಕೊಳ್ಳಬೇಡಿ, ಮಕ್ಕಳ ಕೈ ಬಿಡಬೇಡಿ.

ದಾರಿ ಎರಡು: ಕೋಟೆ

ಸುಮ್ನೆ ಒಂದು ಸುತ್ತು ಹಾಕಿ ಬರೋಣ ಅಂತ ಕೋಟೆಗೆ ಹೋಗಬೇಡಿ. ಇದು ಒಂದು ಪೂರ್ತಿ ಊರು. ಬೇಗ ಬೇಗ ನೋಡಿದರೂ ಮೂರು ಗಂಟೆ ಬೇಕು, ನಿಧಾನಸ್ಥರಿಗೆ ಐದೂ ಸಾಲದು.

ಗಾಡಿಯಲ್ಲಿ ಬಂದರೆ ತಪ್ಪಿಹೋಗುವುದು ಮೊದಲ ದೃಶ್ಯವೇ. ಪೇಟೆಯ ಬೀದಿಯಿಂದ ನಡೆದು ಬಂದಾಗ ಒಮ್ಮೆಲೇ ಮುಂದೆ ಕಂದಕ ತೆರೆದುಕೊಳ್ಳುತ್ತದೆ. ಈ ಕಡೆ ಕಂದಕ ಒಂದಲ್ಲ, ಮೂರು. ಕೆಂಪು ಜಂಬಿಟ್ಟಿಗೆ ಬಂಡೆಯನ್ನೇ ಕಡಿದು, ನಡುನಡುವೆ ಬಂಡೆಯ ಗೋಡೆಗಳನ್ನು ಹಾಗೇ ಬಿಟ್ಟು ಮೂರು ಸಾಲು ಮಾಡಿದ್ದಾರೆ. ಬಂಡೆಯಲ್ಲಿ ಉಳಿ ಏಟಿನ ಗುರುತು ಹುಡುಕುತ್ತಾ ಅಂಚಿನಲ್ಲಿ ಹತ್ತು ನಿಮಿಷ ನಡೆಯಿರಿ. ಕಡಿದು ತೆಗೆದ ಕಲ್ಲೇ ಗೋಡೆಗೂ ಆಗಿದೆ. ಅದಕ್ಕೇ ನೆಲ ಎಲ್ಲಿ ಮುಗಿಯಿತು, ಕೋಟೆ ಎಲ್ಲಿ ಶುರುವಾಯಿತು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ.

ಒಳಗೆ ಹೋಗುವಾಗ ಶರ್ಜಾ ದರ್ವಾಜಾದ ಮೇಲೆ ಕೆತ್ತಿದ ಹುಲಿಗಳನ್ನು ನೋಡಿ. 'ಶರ್ಜಾ' ಹೆಸರು ಬಂದಿದ್ದೇ ಅವುಗಳಿಂದ. ಮುಂದೆ ಗುಂಬದ್ ದರ್ವಾಜಾ. ದಾಟಿದ ಕೂಡಲೇ ಹತ್ತಿರದಲ್ಲೇ ರಂಗೀನ್ ಮಹಲ್.

ಕೋಟೆಯಲ್ಲಿ ಒಂದೇ ಕಟ್ಟಡ ನೋಡಲು ಸಮಯವಿದ್ದರೆ ನಾನು ರಂಗೀನ್ ಮಹಲನ್ನೇ ಆರಿಸುತ್ತೇನೆ. ಸಾಮಾನ್ಯವಾಗಿ ಬೀಗ ಹಾಕಿರುತ್ತದೆ, ಅಲ್ಲಿರುವ ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ವಿನಯದಿಂದ ಕೇಳಬೇಕು. ಆದ್ದರಿಂದ ಇದನ್ನು ಕೊನೆಗೆ ಇಟ್ಟುಕೊಳ್ಳಬೇಡಿ, ಒಳಗೆ ಬಂದ ಕೂಡಲೇ ಕೇಳಿ. ಬಹಮನಿಗಳ ನಂತರ ಬೀದರ್ ಆಳಿದ ಬರೀದ್ ಶಾಹಿ ಮನೆತನದ ಅಲಿ ಬರೀದ್ 16ನೇ ಶತಮಾನದಲ್ಲಿ ಇದಕ್ಕೆ ಈ ರೂಪ ಕೊಟ್ಟ. ಮೊದಲು ಕಣ್ಣಿಗೆ ಬೀಳುವುದು ಮರದ ಕಂಬಗಳು, ಕಂಬದ ತಲೆಯ ಕೆತ್ತನೆ. ಒಳಗಿನ ಕೋಣೆಯ ಬಾಗಿಲಿನ ಸುತ್ತ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪಿನ ಕುಂದಣ. ತೆಳ್ಳಗಿನ ಚಿಪ್ಪಿನ ಚೂರುಗಳನ್ನು ಬಳ್ಳಿ, ಹೂವು, ಅಕ್ಷರದ ಆಕಾರಕ್ಕೆ ಕತ್ತರಿಸಿ ಕಲ್ಲಿನೊಳಗೆ ಕೂರಿಸಿದ್ದಾರೆ. ನೇರ ನಿಂತರೆ ಬರೀ ಬೂದು ಬಿಳುಪು. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಗುಲಾಬಿ, ಹಸಿರು ಮಿಂಚುತ್ತದೆ. ಫೋಟೊದಲ್ಲಿ ಇದು ಸಿಗುವುದಿಲ್ಲ, ಅಲ್ಲಿ ನಿಂತವರಿಗೇ ಸಿಗುವುದು. ಬೆಳಗ್ಗೆ ಬಿದ್ರಿಯವರ ಬಳಿ ಕಪ್ಪಿನೊಳಗೆ ಬೆಳ್ಳಿ ಕೂರಿಸುವುದನ್ನು ನೋಡಿ ಬಂದವರಿಗೆ ಇಲ್ಲಿ ಕಪ್ಪಿನೊಳಗೆ ಚಿಪ್ಪು ಕೂರಿಸಿದ್ದು ಬೇರೆಯೇ ರೀತಿ ಅರ್ಥವಾಗುತ್ತದೆ. ಪೇಟೆ ಮೊದಲು, ಕೋಟೆ ಆಮೇಲೆ ಅಂತ ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಅಲ್ಲಿಂದ ಮುಂದೆ ಹಳೇ ಹಮಾಮು, ಅಂದರೆ ಅರಮನೆಯ ಸ್ನಾನದ ಮನೆ. ಅದರೊಳಗೆ ಈಗ ಮ್ಯೂಸಿಯಂ ಇದೆ. ಎದುರು ಲಾಲ್ ಬಾಗ್. ಪಕ್ಕದಲ್ಲಿ ಸೋಲಾ ಖಂಬ ಮಸೀದಿ, ಸುಮಾರು 300 ಅಡಿ ಉದ್ದದ್ದು. ಬೀದರ್‌ನ ತೀರಾ ಹಳೇ ಕಟ್ಟಡಗಳಲ್ಲಿ ಇದೂ ಒಂದು. ದಪ್ಪನೆಯ ದುಂಡು ಕಂಬಗಳು, ಅಲಂಕಾರ ಅಂತ ಏನೂ ಇಲ್ಲ. ರಂಗೀನ್ ಮಹಲಿನ ಕುಸುರಿ ನೋಡಿ ಬಂದ ಕಣ್ಣಿಗೆ ಇಲ್ಲಿಯ ಸರಳತೆ ಹಿತವಾಗುತ್ತದೆ. ಆಮೇಲೆ ತರ್ಕಶ್ ಮಹಲ್, ಗಗನ್ ಮಹಲ್, ದಿವಾನ್-ಇ-ಆಮ್, ತಖ್ತ್ ಮಹಲ್. ತಖ್ತ್ ಮಹಲಿನ ಎತ್ತರದ ಕಮಾನುಗಳು ಮಾತ್ರ ಉಳಿದಿವೆ ಅಂದರೂ ಅಡ್ಡಿಯಿಲ್ಲ, ಆದರೆ ಆ ಕಮಾನಿನಡಿ ನಿಂತಾಗ ಮನುಷ್ಯ ಎಷ್ಟು ಚಿಕ್ಕವನಾಗಿ ಕಾಣಬೇಕು ಅಂತ ಅಹ್ಮದ್ ಶಾಹ ಬಯಸಿದ್ದನೋ ಅಷ್ಟು ಚಿಕ್ಕವರಾಗುತ್ತೀರಿ.

ಕೋಟೆ ದಾರಿಯ ಕಷ್ಟ ಬಿಸಿಲು. ಬಯಲೇ ಜಾಸ್ತಿ, ಮರ ಕಡಿಮೆ. ನೀರಿನ ಬಾಟಲಿ ಪೇಟೆಯಲ್ಲೇ ತುಂಬಿಸಿಕೊಳ್ಳಿ. ಮಳೆಗಾಲದಲ್ಲಿ ಕೋಟೆ ಹಸಿರಾಗಿ ನೋಡಲು ಚಂದ, ಆದರೆ ಪಾಚಿ ಕಟ್ಟಿದ ಮೆಟ್ಟಿಲು ಜಾರುತ್ತದೆ. ಬುರುಜಿನ ಅಂಚಿಗೆ ಸೆಲ್ಫಿ ಅಂತ ಹೋಗಬೇಡಿ.

ದಾರಿ ಮೂರು: ಅಷ್ಟೂರು

ಅಷ್ಟೂರು ಪೇಟೆಯಿಂದ ಪೂರ್ವಕ್ಕೆ ಮೂರು ನಾಲ್ಕು ಕಿಲೋಮೀಟರ್. ನಡೆಯಬಹುದು. ಊರು ಬಿಟ್ಟ ಮೇಲೆ ದಾರಿ ಇಳಿಜಾರು, ಎರಡೂ ಕಡೆ ಹೊಲ. ಹೋಗುವಾಗ ಸುಲಭ, ಬರುವಾಗ ಅದೇ ದಾರಿ ಏರು. ಇದನ್ನು ಲೆಕ್ಕದಲ್ಲಿಟ್ಟುಕೊಳ್ಳಿ. ಹೋಗುವಾಗ ನಡೆದು, ಬರುವಾಗ ಆಟೊ ಅಥವಾ ಟಂಟಂ (ಹಲವರು ಸೇರಿ ಹೋಗುವ ಮೂರು ಗಾಲಿಯ ಗಾಡಿ) ಹಿಡಿಯುವುದು ಜಾಣತನ.

ದಾರಿಯಲ್ಲೇ ಸೂಫಿ ಸಂತ ಹಜರತ್ ಖಲೀಲುಲ್ಲಾ ಅವರ ಗೋರಿ, ಚೌಖಂಡಿ ಸಿಗುತ್ತದೆ. ಎಂಟು ಮೂಲೆಯ ಎತ್ತರದ ಗೋಡೆ. ಆಟೊದವರು ಇಲ್ಲಿ ನಿಲ್ಲಿಸುವುದು ಕಡಿಮೆ, ನಡೆದವರಿಗೆ ಇದು ಬಹುಮಾನ. ಕಪ್ಪು ಕಲ್ಲಿನಲ್ಲಿ ಕೆತ್ತಿದ ಬಾಗಿಲ ಮೇಲಿನ ಬರಹ ಓದಲು ಬಾರದವರನ್ನೂ ಹಿಡಿದು ನಿಲ್ಲಿಸುತ್ತದೆ.

ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. 1458ರಿಂದ 1461ರ ತನಕ ಆಳಿ ಜಾಲಿಮ್, ಅಂದರೆ ಕ್ರೂರಿ ಅಂತ ಹೆಸರು ಪಡೆದ ಹುಮಾಯೂನ್ ಶಾಹನ ಗೋರಿಗೆ ಸಿಡಿಲು ಬಡಿದು ಮುಕ್ಕಾಲು ಪಾಲು ಬಿದ್ದುಹೋಗಿದೆ. ಉಳಿದ ಭಾಗ ಕೊಬ್ಬರಿ ಬಟ್ಟಲನ್ನು ಸೀಳಿಟ್ಟ ಹಾಗೆ ನಿಂತಿದೆ. ಗುಂಬಜಿನ ಗೋಡೆ ಎಷ್ಟು ದಪ್ಪ, ಒಳಗೆ ಹೇಗೆ ಕಟ್ಟಿದ್ದಾರೆ ಅನ್ನುವುದು ಬೇರೆ ಯಾವ ಗುಂಬಜಿನಲ್ಲೂ ಕಾಣದ ಹಾಗೆ ಇಲ್ಲಿ ಕಾಣುತ್ತದೆ. ಕಟ್ಟಡದ ಕೆಲಸ ಗೊತ್ತಿರುವವರು ಇಲ್ಲಿಂದ ಬೇಗ ಏಳುವುದಿಲ್ಲ.

ಆದರೆ ಅಷ್ಟೂರಿನ ಜೀವ ಇರುವುದು ಅಹ್ಮದ್ ಶಾಹ ವಲಿಯ ಗೋರಿಯಲ್ಲಿ. ಹೊರಗಿನಿಂದ ಸಾದಾ. ಒಳಗೆ ಕಾಲಿಟ್ಟರೆ ಕತ್ತಲು. ಕಣ್ಣು ಹೊಂದಿಕೊಳ್ಳುವ ತನಕ ತಾಳ್ಮೆ ಇರಲಿ. ಗೋರಿ ನೋಡಿಕೊಳ್ಳುವವರು ಬಾಗಿಲ ಬಳಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಹಾಯಿಸಿದರೆ ಆ ಬೆಳಕಿನ ತುಂಡು ಹೋದಲ್ಲೆಲ್ಲಾ ಕೆಂಪು, ನೀಲಿ, ಚಿನ್ನದ ಬಣ್ಣ ಏಳುತ್ತದೆ. ಗೋಡೆಯಿಂದ ಗುಂಬಜಿನ ನೆತ್ತಿಯ ತನಕ ಒಂದು ಗೇಣು ಜಾಗ ಖಾಲಿ ಬಿಟ್ಟಿಲ್ಲ. ಟಾರ್ಚ್ ಬೆಳಕು ಚುಚ್ಚಬೇಡಿ, ಫ್ಲಾಶ್ ಬೇಡವೇ ಬೇಡ. ಕನ್ನಡಿಯ ಬೆಳಕೇ ಸಾಕು. ಅದಕ್ಕಾಗಿ ಸೂರ್ಯ ಇರುವ ಹೊತ್ತಿಗೇ ಹೋಗಬೇಕು, ಮೋಡದ ದಿನ ಈ ದಾರಿ ಬೇಡ.

ಈ ಸುಲ್ತಾನನನ್ನು ಲಿಂಗಾಯತ ಭಕ್ತರು ಅಲ್ಲಮಪ್ರಭುವಿನ ಹೆಸರಿನಲ್ಲಿ ನಡೆದುಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ನಡೆಯುವ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬರುತ್ತಾರೆ. ಒಂದು ಕಡೆ ಫಾತಿಹಾ, ಇನ್ನೊಂದು ಕಡೆ ತೆಂಗಿನಕಾಯಿ. ಇದನ್ನು ನಮ್ಮ ಭಾಗದವರು ವಿಶೇಷ ಅಂತ ಹೇಳಿಕೊಂಡು ತಿರುಗುವುದಿಲ್ಲ. ಇಲ್ಲಿ ಹೀಗೆಯೇ ನಡೆದುಕೊಂಡು ಬಂದಿದೆ. ದರ್ಶನಕ್ಕೆ ಬಂದವರಿದ್ದರೆ ಅವರಿಗೆ ಮೊದಲು ಜಾಗ ಬಿಡಿ, ನಿಮ್ಮ ಫೋಟೊ ಆಮೇಲೆ ಆಗಲಿ.

ಹಾಗಾದರೆ ಇಷ್ಟು ಚೆನ್ನಾಗಿರುವ ಅಷ್ಟೂರನ್ನು ಒಂದು ದಿನದ ನಡಿಗೆಯಿಂದ ಯಾಕೆ ಬಿಡಬೇಕು? ಕೋಟೆಯ ಜೊತೆ ಇದನ್ನೂ ಸೇರಿಸಿದರೆ ಎರಡೂ ಕೆಡುತ್ತವೆ, ಅದಕ್ಕೆ. ಮಧ್ಯಾಹ್ನ ಸುಸ್ತಾಗಿ ಆ ಕತ್ತಲ ಕೋಣೆಗೆ ಹೋದವರು ಎರಡು ನಿಮಿಷಕ್ಕೇ ಹೊರಗೆ ಬರುತ್ತಾರೆ. ಬೀದರನ್ನು ಮೊದಲೇ ನೋಡಿದವರು, ಕೋಟೆ ಗೊತ್ತಿರುವವರು ಇದೊಂದನ್ನೇ ಇಟ್ಟುಕೊಂಡು ಬನ್ನಿ.

ದಾರಿ ನಾಲ್ಕು: ಪಶ್ಚಿಮದ ಕಡೆ

ಉದಗೀರ್ ರಸ್ತೆಯ ಬದಿಗೆ ಬರೀದ್ ಶಾಹಿ ಗೋರಿಗಳಿವೆ. ಸುತ್ತ ಉದ್ಯಾನ, ಸಮತಟ್ಟು ನೆಲ, ಬೆಳಗ್ಗೆ ವಾಕಿಂಗ್ ಮಾಡುವ ಊರಿನವರು. ಅಲಿ ಬರೀದನ ಗೋರಿಗೆ ನಾಲ್ಕು ಕಡೆಯೂ ಗೋಡೆ ಇಲ್ಲ, ದೊಡ್ಡ ಕಮಾನುಗಳಷ್ಟೇ. ಗಾಳಿ ಬೆಳಕು ಆರಪಾರ ಹಾಯುತ್ತದೆ.

ಅಲ್ಲಿಂದ ಗುರುನಾನಕ್ ಝೀರಾಕ್ಕೆ ಹೋಗಬಹುದು. ನೀರಿಗೆ ಬರವಿದ್ದ ಕಾಲದಲ್ಲಿ ಗುರುನಾನಕರು ಇಲ್ಲಿ ಸಿಹಿನೀರಿನ ಒರತೆ ಹೊರಡಿಸಿದರು ಅನ್ನುವುದು ನಂಬಿಕೆ. ಸಿಖ್ಖರ ಪಂಚ ಪ್ಯಾರೆಗಳಲ್ಲಿ, ಅಂದರೆ ಗುರು ಗೋಬಿಂದ್ ಸಿಂಗರ ಐವರು ಮೆಚ್ಚಿನ ಶಿಷ್ಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರ್‌ನವರು. ಲಂಗರಿನಲ್ಲಿ ಯಾರು ಬೇಕಾದರೂ ಕೂತು ಊಟ ಮಾಡಬಹುದು. ತಲೆಗೆ ಬಟ್ಟೆ ಇರಲಿ, ಚಪ್ಪಲಿ ಹೊರಗೆ, ಬಡಿಸಿದಷ್ಟೂ ತಿಂದು ಏಳಿ. ತಟ್ಟೆ ತೊಳೆಯುವ ಕಡೆ ಕೈ ಜೋಡಿಸಿದರೆ ಇನ್ನೂ ಒಳ್ಳೆಯದು. ಅಜ್ಜ ಅಜ್ಜಿ, ಚಿಕ್ಕ ಮಕ್ಕಳ ಜೊತೆ ಬಂದವರಿಗೆ ಈ ದಾರಿಯೇ ಸರಿ. ಬರೀದ್ ಶಾಹಿ ಉದ್ಯಾನದಲ್ಲಿ ಬೆಳಗ್ಗೆ, ಗುರುದ್ವಾರದಲ್ಲಿ ಮಧ್ಯಾಹ್ನ, ಸಂಜೆ ಆಟೊದಲ್ಲಿ ಮದರಸಾ ಒಂದು ಕಣ್ಣು.

ಝರಣಿ ನರಸಿಂಹನ ಗುಹೆಯನ್ನು ನಡಿಗೆಯ ದಿನಕ್ಕೆ ಸೇರಿಸಬೇಡಿ. ಸುರಂಗದ ನೀರಿನಲ್ಲಿ ಎದೆಮಟ್ಟ ಮುಳುಗಿ ದೇವರ ಹತ್ತಿರ ಹೋಗಬೇಕು. ಒದ್ದೆ ಬಟ್ಟೆಯಲ್ಲಿ ಮುಂದಿನ ನಡಿಗೆ ಆಗುವುದಿಲ್ಲ. ಹರಕೆ ಇದ್ದವರು ಬೇರೆ ದಿನ, ಬೇರೆ ಬಟ್ಟೆ ಇಟ್ಟುಕೊಂಡು ಹೋಗುವುದು ವಾಸಿ. ಉಸಿರಾಟದ ತೊಂದರೆ ಇದ್ದವರು ಮೊದಲು ಅಲ್ಲಿಯವರನ್ನು ಕೇಳಿಯೇ ನೀರಿಗಿಳಿಯಿರಿ.

ದಿನವನ್ನು ಕೂರಿಸುವ ಬಗೆ

ಅಕ್ಟೋಬರಿನಿಂದ ಫೆಬ್ರುವರಿ ತನಕ ಬರುವವರಿಗೆ ನನ್ನ ಕ್ರಮ ಹೀಗೆ. ಬೆಳಗ್ಗೆ ಚೌಬಾರದ ಹತ್ತಿರ ಸುಸ್ಲಾ (ಮಂಡಕ್ಕಿಯ ಒಗ್ಗರಣೆ), ಮಿರ್ಚಿ ಭಜಿ, ಒಂದು ಚಾ. ಎಳೆಬಿಸಿಲಿಗೆ ಮದರಸಾ. ಹನ್ನೊಂದರಿಂದ ಬಿದ್ರಿ. ಒಂದು ಗಂಟೆಗೆ ಊಟ, ಖಾನಾವಳಿಯಲ್ಲಿ ಜೋಳದ ರೊಟ್ಟಿ ಸಿಕ್ಕರೆ ಅದೇ, ಇಲ್ಲದಿದ್ದರೆ ಬಿರಿಯಾನಿ. ಹೊಟ್ಟೆ ಬಿರಿಯುವ ಹಾಗೆ ತಿನ್ನಬೇಡಿ, ಮುಂದೆ ಕೋಟೆ ಇದೆ. ಎರಡೂವರೆಗೆ ಕೋಟೆಯ ಬಾಗಿಲು, ಮೊದಲು ರಂಗೀನ್ ಮಹಲ್, ಆಮೇಲೆ ಮ್ಯೂಸಿಯಂ, ಉಳಿದದ್ದು ಬಾಗಿಲು ಹಾಕುವ ತನಕ.

ಮಾರ್ಚಿನಿಂದ ಮೇ ತನಕ ಇದನ್ನು ಪೂರ್ತಿ ತಿರುಗಿಸಿ. ಬಾಗಿಲು ತೆರೆದ ಕೂಡಲೇ ಕೋಟೆ, ಹನ್ನೊಂದರೊಳಗೆ ಹೊರಗೆ, ಸುಡುವ ಹೊತ್ತು ಬಿದ್ರಿಯವರ ನೆರಳಿನಲ್ಲಿ, ಸಂಜೆ ಮದರಸಾ. ಬೆಳಗಿನ ಬಣ್ಣ ತಪ್ಪುತ್ತದೆ, ಆದರೆ ಆರೋಗ್ಯ ಉಳಿಯುತ್ತದೆ. ಶುಕ್ರವಾರ ಬರುವವರು ಮಸೀದಿಗಳನ್ನು ನಮಾಜಿನ ಹೊತ್ತು ಬಿಟ್ಟು ನೋಡಿ.

ಚಪ್ಪಲಿ ಬೇಡ, ಅಡಿ ಹಿಡಿತ ಇರುವ ಬೂಟು ಹಾಕಿ. ಚಿಲ್ಲರೆ ಹಣ ಇರಲಿ. ರಾತ್ರಿ ಉಳಿಯುವ ಹಾಗಿದ್ದರೆ ಮರುದಿನ ಬೆಳಗ್ಗೆ ಏಳಕ್ಕೇ ಅಷ್ಟೂರಿನ ದಾರಿ ಹಿಡಿಯಿರಿ. ಹತ್ತರೊಳಗೆ ನೋಡಿ ಮುಗಿಸಿ ಟಂಟಂನಲ್ಲಿ ವಾಪಸ್ ಬಂದರೆ ಮಧ್ಯಾಹ್ನದ ಕಲಬುರಗಿ ಬಸ್ಸಿಗೆ ಆರಾಮಾಗಿ ಸಮಯ ಸಿಗುತ್ತದೆ. ಆ ದಾರಿಯಲ್ಲಿ ಹುಮನಾಬಾದ್ ಬರುತ್ತದೆ. ಇನ್ನೂ ಕಾಲಲ್ಲಿ ಕಸುವಿದ್ದರೆ ಅಲ್ಲಿ ಇಳಿದು ಬಸವಕಲ್ಯಾಣದ ಬಸ್ ಹಿಡಿಯಿರಿ.